‘ಎಲ್ಲಾ ನೆಟ್ಟಿನಾಗ ಅದ’ ಎನ್ನುವವರಿಗೆ

“ಎಲ್ಲಾ ಯೂಟ್ಯೂಬಿನಾಗ ಅದ ತಗೋರಿ ಕಾಕಾ. ಆ ಹಳೇ ಹಾಡು ಹೊಸ ಸಿಸ್ಟಮಿಗೆ ಯಾಕ ತುಂಬ್ತೀರಿ?” ಯಾದಗಿರಿ, ಶಹಾಪುರ, ಸುರಪುರದಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೂಡಿಸುವಾಗ ಈಗ ಕಿವಿಗೆ ಬೀಳುವ ಸಲಹೆ ಇದು. ರಿಪೇರಿ ಅಂಗಡಿಯ ಹುಡುಗ ಹೇಳುತ್ತಾನೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗ ಹೇಳುತ್ತಾನೆ, ಓದಿಕೊಂಡ ಮಾಸ್ತರರೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಈ ಸಲಹೆ ತಪ್ಪು. ಈ ಊರುಗಳಿರುವ ಸಗರನಾಡಿನ ಮಟ್ಟಿಗಂತೂ ಬಹಳ ಹಾನಿ ಮಾಡುವ ತಪ್ಪು. ಇದನ್ನು ನಂಬಿ ನಡೆದರೆ ಈ ಭಾಗದ ಹಾಡುಗಾರರ ಒಂದು ತಲೆಮಾರಿನ ದನಿ ಗುಜರಿ ಗಾಡಿ ಹತ್ತುತ್ತದೆ.

ಈಗಲೇ ಈ ಮಾತೆತ್ತಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹತ್ತು ವರ್ಷ ದುಡಿದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಹೀಗಾಗಿ ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಮೊಬೈಲ್ ಅಂಗಡಿ, ಮಠದ ಕಚೇರಿಗಳಿಂದ ಹಳೆಯ ಸಿಪಿಯುಗಳು ಹೊರಬೀಳುವ ಕಾಲ ಇದು. ಬಿಲ್ಲು, ಆಧಾರ್ ಪ್ರತಿ, ಮದುವೆಯ ಆಲ್ಬಮ್ ಹೊಸ ಯಂತ್ರಕ್ಕೆ ಹೋಗುತ್ತವೆ. ‘ಸಾಂಗ್ಸ್’ ಎಂಬ ಫೋಲ್ಡರ್ ಹಿಂದೆ ಉಳಿಯುತ್ತದೆ.

ಆ ಫೋಲ್ಡರಿನಲ್ಲಿ ಏನಿದೆ ಎಂದು ಸಲಹೆ ಕೊಡುವವರು ತೆರೆದು ನೋಡಿರುವುದಿಲ್ಲ. ಸಿನಿಮಾ ಹಾಡು ಇರುತ್ತವೆ, ಅವು ಎಲ್ಲಿ ಬೇಕಾದರೂ ಸಿಗುತ್ತವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಉಳಿದದ್ದರ ಮಾತು ಬೇರೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗುವ ಮೊದಲು ಈ ಕಡೆಯ ಜನರಿಗೆ ಹಾಡು ಸಿಗುತ್ತಿದ್ದುದು ಮೊಬೈಲ್ ಅಂಗಡಿಯ ಕಂಪ್ಯೂಟರಿನಿಂದ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಚಿಪ್, ಅಂದರೆ ಮೊಬೈಲಿನ ಮೆಮೊರಿ ಕಾರ್ಡ್, ತುಂಬಿಸಿ ಕೊಡುತ್ತಿದ್ದರು. ಗಿರಾಕಿ ತನಗೆ ಬೇಕಾದ್ದನ್ನು ಒಯ್ಯುತ್ತಿದ್ದ, ತನ್ನ ಚಿಪ್ಪಿನಲ್ಲಿದ್ದದ್ದನ್ನು ಬಿಟ್ಟೂ ಹೋಗುತ್ತಿದ್ದ. ಅವನ ಊರಿನ ಭಜನಾ ಮೇಳ ರಾತ್ರಿಯಿಡೀ ಹಾಡಿದ್ದು, ಮೊಹರಂನಲ್ಲಿ ಹೆಜ್ಜೆ ಹಾಕುತ್ತ ಹೇಳಿದ ರಿವಾಯತ ಪದ, ಡೊಳ್ಳಿನ ಪದದ ಸವಾಲು ಜವಾಬು, ದೊಡ್ಡಾಟದ ರಾತ್ರಿಯ ಪೇಟಿಯ ಸದ್ದು, ಅವ್ವ ಅಜ್ಜಿಯರ ಸೋಬಾನೆ, ಎಲ್ಲವೂ ಹೀಗೆ ಆ ಡಬ್ಬಿಯೊಳಕ್ಕೆ ಬಂದು ಸೇರಿದವು. ಯಾರೂ ಯೋಜನೆ ಹಾಕಲಿಲ್ಲ, ಯಾರೂ ಅನುದಾನ ಕೊಡಲಿಲ್ಲ. ಈ ಮೂರು ತಾಲ್ಲೂಕುಗಳ ಅತಿ ದೊಡ್ಡ ಧ್ವನಿಭಂಡಾರ ಚಿಪ್ ತುಂಬಿಸುವವರ ಡಿ ಡ್ರೈವಿನಲ್ಲಿ ತಾನಾಗಿ ಬೆಳೆಯಿತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದು ಹಾಡಿನಲ್ಲೇ ತತ್ವ ಹೇಳಿಕೊಂಡು ಬಂದ ನಾಡು. ಸುರಪುರ ತಾಲ್ಲೂಕಿನ ದೇವರಗೋನಾಲದಲ್ಲಿ ಹುಟ್ಟಿ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನೆಲೆನಿಂತ ಮೌನೇಶ್ವರರನ್ನು ಹಿಂದೂಗಳೂ ಮುಸಲ್ಮಾನರೂ ಪೂಜಿಸುತ್ತಾರೆ. ಅದೇ ಸೀಮೆಯ ಕೊಡೇಕಲ್ಲಿನಲ್ಲಿ ಕೊಡೇಕಲ್ ಬಸವಣ್ಣನ ಕಾಲಜ್ಞಾನದ ಪರಂಪರೆಯಿದೆ. ನೆರೆಯ ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದ ಇಲ್ಲಿಯ ಭಜನೆಗೆ ಬೆನ್ನೆಲುಬು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಬರಂಥವರಿದ್ದರು. ಈ ಪದಗಳು ಅಚ್ಚಾಗಿವೆ. ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳನ್ನು ಸಂಪುಟಗಟ್ಟಲೆ ಹೊರತಂದಿದೆ, ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿ ಧಾಟಿ ಇರುವುದಿಲ್ಲ. ಒಂದೇ ಪದವನ್ನು ಒಂದು ಊರಿನ ಮೇಳ ಒಂದು ಧಾಟಿಯಲ್ಲಿ ಎತ್ತಿಕೊಂಡರೆ ಇನ್ನೊಂದು ಊರು ಬೇರೆಯೇ ಧಾಟಿಯಲ್ಲಿ ಎತ್ತಿಕೊಳ್ಳುತ್ತದೆ. ಏಕತಾರಿ ಹಿಡಿದ ಹಿರಿಯ ನುಡಿಯ ನಡುವೆ ನಿಂತು, “ಇದರ ಒಳಗ ಏನದ ಕೇಳ್ರಪಾ” ಎಂದು ಅರ್ಥ ಬಿಡಿಸಿ ಮತ್ತೆ ತಾಳಕ್ಕೆ ಮರಳುತ್ತಾನೆ. ಆ ಬಿಡಿಸಿ ಹೇಳುವಿಕೆ ಯಾವ ಸಂಪುಟದಲ್ಲೂ ಇಲ್ಲ. ಅದು ಆ ರಾತ್ರಿ ಯಾರೋ ಮೊಬೈಲ್ ಹಿಡಿದುಕೊಂಡಿದ್ದರಿಂದ ಉಳಿದದ್ದು.

ಹಲಗಲಿ ಬೇಡರ ಲಾವಣಿ ನಮ್ಮ ಮಕ್ಕಳ ಪಠ್ಯಕ್ಕೆ ಬಂದದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ. ಅಂದಿನ ಲಾವಣಿಕಾರನ ಕೊರಳು ಮಾತ್ರ ನಮಗೆ ಎಂದೂ ಸಿಗುವುದಿಲ್ಲ, ಆಗ ಅದನ್ನು ಹಿಡಿಯುವ ಯಂತ್ರವೇ ನಮ್ಮ ಕಡೆ ಇರಲಿಲ್ಲ. ನಮ್ಮ ಕಾಲದಲ್ಲಿ ಯಂತ್ರವಿತ್ತು, ಕೊರಳನ್ನು ಹಿಡಿದೂ ಆಯಿತು. ಹಿಡಿದದ್ದನ್ನು ಬಿಸಾಡುವುದಕ್ಕೆ ಯಾವ ನೆಪವಿದೆ?

ನೆಪ ಅದೇ: ನೆಟ್ಟಿನಲ್ಲಿದೆ. ಹಾಗಾದರೆ ನೆಟ್ಟಿನ ಚರಿತ್ರೆಯನ್ನು ನೋಡೋಣ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ, ಅದು ಈ ಲೇಖನದ ವಿಷಯವಲ್ಲ. ಹೊಲದ ಬದುವಿನ ಮೇಲೆ ನಿಂತು ಹಾಡಿದ ಉತ್ತರ ಕರ್ನಾಟಕದ ಎಷ್ಟೋ ಹಾಡುಗಾರರು ತಮ್ಮ ಹಾಡನ್ನು ಅಲ್ಲಿ ಮಾತ್ರ ಇಟ್ಟಿದ್ದರು. ಒಂದು ಆದೇಶಕ್ಕೆ ಅವರ ಕೈಯಿಂದ ಅದು ಹೋಯಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಡಿಸೆಂಬರಿಗೆ ನಿಂತಿತು. ಜನ ತಾವೇ ಏರಿಸಿಟ್ಟ ಹಾಡುಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಲು 2021ರ ಫೆಬ್ರವರಿವರೆಗೆ ಗಡುವು ಸಿಕ್ಕಿತು, ಆಮೇಲೆ ಎಲ್ಲ ಅಳಿಸಿತು. ಏರ್‌ಟೆಲ್ಲಿನ ವಿಂಕ್ ಮ್ಯೂಸಿಕ್ ಮುಚ್ಚುವ ಸುದ್ದಿ 2024ರಲ್ಲಿ ಬಂತು. ಅದರಲ್ಲಿ ಹಾಡುಗಳನ್ನು ಒಪ್ಪವಾಗಿ ಜೋಡಿಸಿಟ್ಟುಕೊಂಡಿದ್ದವರ ಪಟ್ಟಿಗಳು ಏನಾದವು ಎಂದು ಅವರನ್ನೇ ಕೇಳಿ.

ಎಲ್ಲಕ್ಕಿಂತ ದೊಡ್ಡ ಪಾಠ ಮೈಸ್ಪೇಸಿನದು. ಒಂದು ಕಾಲಕ್ಕೆ ಜಗತ್ತಿನ ಹೊಸ ಹಾಡುಗಾರರೆಲ್ಲ ಹಾಡು ಇಡುತ್ತಿದ್ದ ತಾಣ ಅದು. 2019ರಲ್ಲಿ ಕಂಪನಿ ಒಪ್ಪಿಕೊಂಡಿತು: 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳು ಹೋದವು. ಸುಮಾರು 5 ಕೋಟಿ ಹಾಡು, 1.4 ಕೋಟಿ ಕಲಾವಿದರದು ಎಂದು ಅಂದು ಲೆಕ್ಕ ಹಾಕಿದರು. ಕಾರಣ ಬೆಂಕಿಯಲ್ಲ, ಕಳ್ಳತನವೂ ಅಲ್ಲ. ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸುವಾಗ ಹೋಯಿತು! ಅಷ್ಟು ದೊಡ್ಡ ಕಂಪನಿಗೆ ಹಳೆಯ ಯಂತ್ರದಿಂದ ಹೊಸದಕ್ಕೆ ಹಾಡು ಸಾಗಿಸಲು ಬರಲಿಲ್ಲ. ಆಮೇಲೆ ಅದರಲ್ಲಿ ಸುಮಾರು 4,90,000 ಹಾಡು ಮರಳಿ ಸಿಕ್ಕವು, ಇಂಟರ್ನೆಟ್ ಆರ್ಕೈವ್ ಅವನ್ನು ಜನರ ಮುಂದಿಟ್ಟಿತು. ಸಿಕ್ಕಿದ್ದು ಹೇಗೆಂದರೆ, ಕೆಲವು ಸಂಶೋಧಕರು 2008ರಿಂದ 2010ರ ನಡುವೆ ತಮ್ಮ ಅಧ್ಯಯನಕ್ಕೆಂದು ಅವನ್ನು ಇಳಿಸಿಕೊಂಡು ತಮ್ಮ ಬಳಿ ಇಟ್ಟುಕೊಂಡಿದ್ದರು. ‘ಯಾಕ ಇಟ್ಕೊಂಡೀರಿ, ನೆಟ್ಟಿನಾಗ ಅದ’ ಎಂದು ಅವರಿಗೆ ಯಾರೋ ಹೇಳಿ, ಅವರು ಆ ಮಾತು ಕೇಳಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಯೂಟ್ಯೂಬ್ ನಾಳೆಯೇ ಮುಚ್ಚುತ್ತದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಮ್ಮ ಭಾಗದ ಹಾಡು ಸಾಕಷ್ಟು ಇರುವುದೂ ನಿಜ, ಏರಿಸಿದ ಹುಡುಗರಿಗೆ ನನ್ನ ಕೃತಜ್ಞತೆಯಿದೆ. ಆದರೆ ಏರಿಸಿದವನು ಪಾಸ್‌ವರ್ಡ್ ಮರೆತರೆ, ಚಾನೆಲ್ ಅಳಿಸಿದರೆ, ಹಿನ್ನೆಲೆಯಲ್ಲಿ ಕೇಳಿದ ಸಿನಿಮಾ ಧಾಟಿಗೆ ಯಾರೋ ಹಕ್ಕು ಸಾಧಿಸಿದರೆ ಅದು ಇಳಿದುಹೋಗುತ್ತದೆ. ಭಜನೆಯಲ್ಲಿ ಸಿನಿಮಾ ಧಾಟಿ ಬಳಸುವುದು ನಮ್ಮಲ್ಲಿ ಹೊಸದೇನಲ್ಲ. ಇನ್ನೊಂದು ತೊಡಕು ಹುಡುಕುವುದರದು. ಅಲ್ಲಿ ಹೆಸರು ಗೊತ್ತಿದ್ದರೆ ಸಿಗುತ್ತದೆ. ‘ಮೊಹರಂ ಪದ ಹೊಸದು 4’ ಎಂದು ಬರೆದು ಏರಿಸಿದ್ದರೆ, ಅದು ಯಾವ ಊರಿನ ಮೇಳ, ಯಾವ ವರ್ಷ, ಮುಂದೆ ಹೇಳಿದವರು ಯಾರು, ಹಿಂದೆ ಹೇಳಿದವರು ಯಾರು ಎಂಬುದು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಎರಡನೆಯ ತಪ್ಪು ಅಭಿಪ್ರಾಯ ಹಾಡು ಒಯ್ಯಬೇಕು ಎನ್ನುವವರಲ್ಲೇ ಇದೆ: “ಅದೇನ್ ದೊಡ್ಡ ಕೆಲಸ, ಕಾಪಿ ಪೇಸ್ಟ್ ಅಷ್ಟೇ.” ಇದೂ ಮೊದಲಿನಷ್ಟೇ ಕೆಡಿಸುತ್ತದೆ.

“ಸಿ ಡ್ರೈವ್ ಅಷ್ಟೇ ಫಾರ್ಮ್ಯಾಟ್ ಮಾಡ್ತೀನಿ, ಡಿ ಡ್ರೈವಿಂದು ಉಳೀತದ” ಎಂದು ಅಂಗಡಿಯವನು ಭರವಸೆ ಕೊಡುತ್ತಾನೆ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದು, ‘ಮ್ಯೂಸಿಕ್’ ಎಂಬ ಫೋಲ್ಡರಿನಲ್ಲಿದ್ದದ್ದು, ಡೌನ್‌ಲೋಡಿನಲ್ಲಿದ್ದದ್ದು ಎಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಇನ್ನು ಕಾಪಿ ಮಾಡುವಾಗ ಎಂಪಿ3 ಎಂದು ಹುಡುಕಿ ಬಂದದ್ದನ್ನಷ್ಟೇ ಎತ್ತಿಕೊಳ್ಳುತ್ತಾರೆ. ಕೀಪ್ಯಾಡ್ ಮೊಬೈಲುಗಳು ಧ್ವನಿ ಮುದ್ರಿಸುತ್ತಿದ್ದುದು ಹೆಚ್ಚಾಗಿ ಎಎಂಆರ್ ಎಂಬ ಬಗೆಯಲ್ಲಿ. ಮಾತಿಗೆಂದು ಮಾಡಿದ, ತೀರ ಕಡಿಮೆ ಜಾಗ ತಿನ್ನುವ ಬಗೆ ಅದು. ಎಲ್ಲ ಪ್ಲೇಯರುಗಳಲ್ಲೂ ಅದು ತೆರೆಯುವುದಿಲ್ಲ, ವಿಎಲ್‌ಸಿಯಲ್ಲಿ ತೆರೆಯುತ್ತದೆ. ತೆರೆಯದ ಫೈಲನ್ನು ಹುಡುಗರು ಕಸವೆಂದು ಬಿಡುತ್ತಾರೆ. ಊರಿನ ಭಜನೆ, ಅಜ್ಜಿಯ ಬೀಸುಕಲ್ಲಿನ ಪದ ಇರುವುದು ಆ ಕಸದಲ್ಲೇ.

ಕ್ಯಾಸೆಟ್ಟಿನಿಂದ, ಸಿಡಿಯಿಂದ ಇಳಿಸಿದ ಹಾಡುಗಳದ್ದು ಬೇರೆ ಸಂಕಟ. ಪ್ರತಿ ಸಿಡಿಯೂ ‘ಟ್ರ್ಯಾಕ್ 01’ರಿಂದಲೇ ಶುರು. ಹತ್ತು ಫೋಲ್ಡರುಗಳ ಹಾಡನ್ನು ಒಂದೇ ಕಡೆ ಸುರಿದಾಗ ‘ಇದೇ ಹೆಸರಿನ ಫೈಲ್ ಇದೆ, ಬದಲಿಸಲೇ?’ ಎಂದು ಯಂತ್ರ ಕೇಳುತ್ತದೆ. ‘ರಿಪ್ಲೇಸ್’ ಒತ್ತಿದರೆ ಮೊದಲಿನದು ಹೋಯಿತು, ‘ಸ್ಕಿಪ್’ ಒತ್ತಿದರೆ ಎರಡನೆಯದು ಹಿಂದೆ ಉಳಿಯಿತು. ಒಂದು ಬೆರಳೊತ್ತಿಗೆ ಒಂಬತ್ತು ಮೇಳಗಳ ಮೊದಲ ಪದ ಇಲ್ಲವಾಗಬಹುದು, ಮತ್ತು ಭಜನೆಯಲ್ಲಿ ಮೊದಲ ಪದವೆಂದರೆ ಸ್ತುತಿ. ಫೋಲ್ಡರುಗಳನ್ನು ಇದ್ದ ಹಾಗೇ, ಒಂದರೊಳಗೊಂದು ಬೆರೆಸದೆ ಸಾಗಿಸುವುದಷ್ಟೇ ಇದಕ್ಕೆ ಪರಿಹಾರ.

ಪ್ಲೇಲಿಸ್ಟಿನ ಕಥೆ ಇನ್ನೂ ನೋವಿನದು. ಪ್ಲೇಲಿಸ್ಟ್ ಎಂಬ ಫೈಲಿನಲ್ಲಿ ಹಾಡು ಇರುವುದಿಲ್ಲ, ಹಾಡಿನ ವಿಳಾಸವಿರುತ್ತದೆ: ಡಿ ಡ್ರೈವ್, ಅದರೊಳಗೆ ಈ ಫೋಲ್ಡರ್, ಅದರೊಳಗೆ ಈ ಹಾಡು ಎಂದು. ಹೊಸ ಯಂತ್ರದಲ್ಲಿ ಡಿ ಡ್ರೈವ್ ಇಲ್ಲದಿದ್ದರೆ, ಫೋಲ್ಡರಿನ ಹೆಸರು ಬದಲಾದರೆ, ಪಟ್ಟಿ ಖಾಲಿಯಾಗಿ ತೋರುತ್ತದೆ. ಬರೀ ಪಟ್ಟಿ ತಾನೇ ಎನ್ನಬೇಡಿ. ಸ್ತುತಿಯಿಂದ ಮಂಗಳಾರತಿಯವರೆಗೆ, ರಾತ್ರಿಯ ಯಾವ ಜಾವಕ್ಕೆ ಯಾವ ಪದ ಎಂಬ ಕ್ರಮ ಮೇಳದ ಹಿರಿಯನೊಬ್ಬ ಕೂತು ಮಾಡಿಸಿದ ಪಟ್ಟಿಯಲ್ಲಿರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ವಿಳಾಸ ತೆಗೆದು ಹೊಸದು ಹಾಕಿದರೆ ಮತ್ತೆ ಸರಿಯಾಗುತ್ತದೆ. ಹತ್ತು ನಿಮಿಷದ ಕೆಲಸವನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಕಾಪಿ ಪೇಸ್ಟ್ ಮುಗಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿದೆ.

ಹೆಸರಿನ ವಿಷಯಕ್ಕೆ ಬರೋಣ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮವರು ಹಾಡಿನ ಪಟ್ಟಿಯನ್ನು ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟರು. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ‘ಫೈಲ್ ಕರಪ್ಟ್ ಆಗ್ಯಾದ’ ಎಂದು ಅಳಿಸುತ್ತಾರೆ. ಅದು ಕೆಟ್ಟಿರುವುದಿಲ್ಲ. ಹಳೆಯ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕೊಡೇಕಲ್ಲಿನ ಪರಂಪರೆಯವರು ತಮ್ಮ ವಚನಗಳನ್ನು ಅಮರಗನ್ನಡ ಎಂಬ ಗೂಢಲಿಪಿಯಲ್ಲಿ ಇಟ್ಟಿದ್ದರು. ಓದಲು ಬಲ್ಲವರನ್ನು ಜೊತೆಜೊತೆಗೆ ಬೆಳೆಸಿದ್ದರಿಂದ ಅದು ಇಂದಿನವರೆಗೆ ಬಂತು. ಅದೇ ಸೀಮೆಯ ನಾವು ಇಪ್ಪತ್ತು ವರ್ಷದ ಹಿಂದಿನ ಫಾಂಟಿಗೆ ಸೋತು ಪಟ್ಟಿ ಅಳಿಸುವುದೆಂದರೆ ನನಗೆ ಸಿಟ್ಟು ಬರುತ್ತದೆ.

ಹಾಡಿನ ಫೈಲಿನೊಳಗೇ ಹಾಡುಗಾರನ ಹೆಸರು, ವರ್ಷ ಬರೆಯಲು ಟ್ಯಾಗ್ ಎಂಬ ಜಾಗವಿದೆ. ಹಳೆಯ ಟ್ಯಾಗಿನಲ್ಲಿ ಒಂದು ಹೆಸರಿಗೆ 30 ಅಕ್ಷರಕ್ಕಷ್ಟೇ ಎಡೆ ಇತ್ತು, ಕನ್ನಡಕ್ಕೆ ಇರಲಿಲ್ಲ. ಈಗಿನದರಲ್ಲಿ ಕನ್ನಡದಲ್ಲೇ ಬೇಕಾದಷ್ಟು ಬರೆಯಬಹುದು. ಯಂತ್ರ ಬದಲಿಸುವ ದಿನವೇ ಆ ಕೆಲಸಕ್ಕೆ ಸರಿಯಾದ ದಿನ, ಏಕೆಂದರೆ ಅಂದು ಎಲ್ಲ ಹಾಡೂ ಕಣ್ಣ ಮುಂದೆ ಬರುತ್ತವೆ. ಮೇಳದ ಹಿರಿಯರನ್ನು ಕರೆದು ಕೂಡಿಸಿ, ಒಂದೊಂದನ್ನು ಅರ್ಧ ನಿಮಿಷ ಕೇಳಿಸಿದರೆ, “ಇದು ನಮ್ಮ ಮಾವನ ಕೊರಳು, ದಮಡಿ ಬಾರಿಸಿದವ ಇವರ ತಮ್ಮ” ಎಂದು ಅವರು ಹೇಳಬಲ್ಲರು. ಆ ಹಿರಿಯರ ಕಾಲಾನಂತರ ಜಗತ್ತಿನ ಯಾವ ಸಾಫ್ಟ್‌ವೇರೂ ಅದನ್ನು ಹೇಳಲಾರದು.

ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಜಾಗ ಹಿಡಿಯುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ. 128 ಕೆಬಿಪಿಎಸ್ ಎಂಪಿ3ಯ ಒಂದು ನಿಮಿಷಕ್ಕೆ ಹತ್ತಿರಹತ್ತಿರ 1 ಎಂಬಿ. ಅರವತ್ತು ನಿಮಿಷದ 200 ಕ್ಯಾಸೆಟ್ಟುಗಳು 12 ಜಿಬಿಯೊಳಗೆ ಕೂಡುತ್ತವೆ. ಒಂದು ಮಠದ ಇಡೀ ಸಂಗ್ರಹ ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಮದುವೆಯ ಒಂದು ವಿಡಿಯೊ ಅದಕ್ಕಿಂತ ಹೆಚ್ಚು ತಿನ್ನುತ್ತದೆ, ಅದನ್ನು ಮಾತ್ರ ಎರಡೆರಡು ಕಡೆ ಇಡುತ್ತಾರೆ. ಸದ್ದು ಕೆಟ್ಟದಾಗಿದೆ, ನಾಯಿ ಬೊಗಳುತ್ತದೆ, ಮೈಕು ಕಿರಿಚುತ್ತದೆ ಎನ್ನುತ್ತಾರೆ; ಸ್ವಚ್ಛ ಮಾಡಿ ಮತ್ತೆ ಎಂಪಿ3 ಮಾಡಿಕೊಡುತ್ತೇವೆ ಎಂದೂ ಹೊರಡುತ್ತಾರೆ. ದಯವಿಟ್ಟು ಬೇಡ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದಷ್ಟೂ ಧ್ವನಿ ಸವೆಯುತ್ತದೆ. ಮೂಲವನ್ನು ಮುಟ್ಟದೆ ಇಡಿ, ಬೇಕಾದರೆ ಬೇರೆ ಪ್ರತಿಯ ಮೇಲೆ ಕೈಚಳಕ ತೋರಿಸಿ. ಮುಂದೆ ಎಂಪಿ3ಯೇ ಹಾಡದಿದ್ದರೆ ಎಂಬ ಭಯಕ್ಕೂ ಆಧಾರವಿಲ್ಲ. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲೇ ಮುಗಿದಿದೆ, ಯಾರು ಬೇಕಾದರೂ ಅದನ್ನು ಹಾಡಿಸುವ ಸಾಫ್ಟ್‌ವೇರ್ ಬರೆಯಬಹುದು.

ಸಂಸ್ಥೆಗಳಿವೆಯಲ್ಲ ಎಂಬ ಮಾತಿಗೂ ಉತ್ತರ ಕೊಡಬೇಕು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಕಲಬುರಗಿ ಆಕಾಶವಾಣಿಯಿದೆ. ಅವರು ಮಾಡಿದ್ದಕ್ಕೆ ನಾಡು ಋಣಿ. ಆದರೆ ಪ್ರತಿ ಊರಿನ ಪ್ರತಿ ಮೊಹರಂನ ರಾತ್ರಿಗೆ ಅವರು ಬರಲಾರರು. ಊರಿನವನ ಮೊಬೈಲ್ ಬಂದಿತ್ತು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾದಾಗ ಕಚೇರಿಗಳು ಬಂದವು, ಫಲಕಗಳು ಬಂದವು. ಆದರೆ ಜಿಲ್ಲೆಯ ಹಾಡನ್ನು ಕೂಡಿಸಿಡುವ ಕೆಲಸವನ್ನು ಜಿಲ್ಲೆಯವರೇ ಮಾಡಬೇಕು.

ಕೊನೆಯದಾಗಿ, ‘ನೆಟ್ಟಿನಾಗ ಹಾಕ್ಬಿಡ್ರಿ, ತಾನಾಗಿ ಉಳೀತದ’ ಎನ್ನುವವರಿಗೆ. ಸೋಬಾನೆ ಹೇಳಿದ ಹೆಣ್ಣುಮಕ್ಕಳು ಮದುವೆ ಮನೆಯ ಪಡಸಾಲೆಯಲ್ಲಿ ತಮ್ಮವರ ಮುಂದೆ ಹೇಳಿದರು. ಬೀಗರನ್ನು ಹಾಸ್ಯ ಮಾಡಿದ ನುಡಿಗಳು ಅದರಲ್ಲಿರುತ್ತವೆ, ಮನೆತನದ ಹೆಸರುಗಳಿರುತ್ತವೆ. ಅವರು ಜಗತ್ತಿಗೆ ಕೇಳಿಸಲು ಒಪ್ಪಿದ್ದು ಎಲ್ಲಿ? ಕೆಲವು ಭಜನಾ ಮೇಳಗಳು ಗುರುವಿನ ಅಪ್ಪಣೆಯಿಲ್ಲದೆ ಹೊರಗೆ ಹೇಳದ ಪದಗಳನ್ನು ಇಟ್ಟುಕೊಂಡಿವೆ. ಕಾಯ್ದುಕೊಳ್ಳುವುದು ಬೇರೆ, ಬಯಲಿಗಿಡುವುದು ಬೇರೆ. ಮನೆಯ ಹಾಡನ್ನು ಮನೆಯ ಹೊಸ ಕಂಪ್ಯೂಟರಿಗೆ ಸಾಗಿಸಿಕೊಂಡರೆ ಹಾಡಿದವರ ಮಾತಿಗೆ ಬೆಲೆ ಕೊಟ್ಟು ಹಾಡನ್ನೂ ಉಳಿಸಿಕೊಳ್ಳಬಹುದು. ಯಾರು ಕೇಳಬಹುದು, ಯಾರು ಕೇಳಬಾರದು ಎಂಬ ತೀರ್ಮಾನ ಹಾಡಿದ ಮನೆಯ ಕೈಯಲ್ಲೇ ಇರುತ್ತದೆ.

ಹಾಗಾಗಿ ಹಳೆಯ ಸಿಪಿಯು ಮಾರುವ ಮುಂಚೆ ಅದರ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಅದನ್ನು ಹೊಸ ಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಕೇಬಲ್ ಯಾದಗಿರಿಯಲ್ಲೂ ಸಿಗುತ್ತದೆ. ಕಾಪಿಯಾದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಒಂದೇ ಇದೆಯೇ ನೋಡಿ, ಅಲ್ಲೊಂದು ಇಲ್ಲೊಂದು ಹಾಡಿಸಿ ಕೇಳಿ. ಹೊಸ ಯಂತ್ರದ ಎಸ್‌ಎಸ್‌ಡಿಯಲ್ಲಿ ತಪ್ಪಿ ಅಳಿಸಿದ್ದನ್ನು ಹಳೆಯ ಡಿಸ್ಕಿನಿಂದ ತೆಗೆದ ಹಾಗೆ ಮರಳಿ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು, ಆದ್ದರಿಂದ ಇನ್ನೊಂದು ಪ್ರತಿ ಬೇರೆ ಸೂರಿನಡಿ ಇರಲಿ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಕಂಪ್ಯೂಟರ್ ಬಂದಿದೆ. ಊರಿನ ಭಜನೆ, ರಿವಾಯತ ಪದಗಳ ಒಂದು ಪೆನ್‌ಡ್ರೈವನ್ನು, ಹಾಡಿದವರ ಹೆಸರಿನ ಪಟ್ಟಿಯ ಸಮೇತ, ಅಲ್ಲಿಯ ಕಪಾಟಿನಲ್ಲಿ ಇರಿಸಿಕೊಳ್ಳುವಂತೆ ಮೇಳದವರು ಈ ವರ್ಷವೇ ಪಂಚಾಯ್ತಿಗೆ ಅರ್ಜಿ ಕೊಡಲಿ.